ಮಟ್ಟ ಬರುತ್ತದೆ, ಲೆಕ್ಕ ಬರುವುದಿಲ್ಲ: ಪಂಪ್ ಶೆಡ್ಡಿನ ಪೆಟ್ಟಿಗೆ ಮತ್ತು ಅದು ಓದದೆ ಬಿಟ್ಟ ಐಸಿಎಂಪಿ ಸಂದೇಶಗಳು

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಗುಡ್ಡೆ ಊರು. ಅಡಿಕೆ ತೋಟ, ನಡುವೆ ಕೊಕ್ಕೊ, ಅಂಚಿಗೆ ತೆಂಗು. ನೀರು ಸ್ವಲ್ಪ ಸುರಂಗದ್ದು, ಬೇಸಗೆಯಲ್ಲಿ ಹೆಚ್ಚಿನದು ಕೊಳವೆಬಾವಿಯದ್ದು. ಕೆಲವು ಮನೆಯವರು ಸೇರಿ ನೀರಿನ ಸಮಿತಿ ಮಾಡಿಕೊಂಡು, ಸಾಮಾನ್ಯ ಟ್ಯಾಂಕಿಗೆ ನೀರು ಹಾಯಿಸಿ, ಯಾರ ತೋಟಕ್ಕೆ ಎಷ್ಟು ಗಂಟೆ ಹೋಯಿತೆಂಬ ಲೆಕ್ಕದ ಮೇಲೆ ಕರೆಂಟು ಬಿಲ್ಲು ಹಂಚಿಕೊಳ್ಳುತ್ತಾರೆ. ಊರಿನ, ಸಮಿತಿಯ, ಪೆಟ್ಟಿಗೆ ಮಾಡಿಕೊಟ್ಟವರ ಹೆಸರನ್ನು ಇಲ್ಲಿ ಬಿಟ್ಟಿದೆ. ಗುರುತು ಸಿಗಬಹುದಾದ ಸಣ್ಣ ವಿವರಗಳನ್ನೂ ಬದಲಿಸಿದೆ. ತಾಂತ್ರಿಕ ಸಂಗತಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಪ್ರತಿ ಪಂಪ್ ಶೆಡ್ಡಿನಲ್ಲಿ ಒಂದು ನಿಯಂತ್ರಣ ಪೆಟ್ಟಿಗೆ. ಒಳಗೆ 32 ಬಿಟ್ಟಿನ ಮೈಕ್ರೋಕಂಟ್ರೋಲರ್, 192 ಕಿಲೋಬೈಟ್ ರ್‍ಯಾಮ್, ಒಂದು ಈಥರ್ನೆಟ್ ಪೋರ್ಟ್, ಮೋಟರಿನ ಕಾಂಟ್ಯಾಕ್ಟರ್ ಎಳೆಯುವ ರಿಲೇ. ಮೇಲೆ ಸಣ್ಣ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್, ಅದರ ಜತೆಗೆ ಮುಕ್ತ ಆಕರದ ಒಂದು ಹಗುರ ಟಿಸಿಪಿ/ಐಪಿ ಸ್ಟ್ಯಾಕ್, ಅಂದರೆ ನೆಟ್‌ವರ್ಕಿನಲ್ಲಿ ಮಾತಾಡಿಸುವ ಪ್ರೋಗ್ರಾಮ್. ಪೆಟ್ಟಿಗೆ ಎರಡು ರೀತಿಯಲ್ಲಿ ಮಾತಾಡುತ್ತದೆ. 5 ನಿಮಿಷಕ್ಕೊಮ್ಮೆ ಟ್ಯಾಂಕಿನ ಮಟ್ಟ ಮತ್ತು ಮೋಟರಿನ ಸ್ಥಿತಿ ಹೇಳುವ 200 ಬೈಟಿನೊಳಗಿನ ವರದಿ ಒಂದು. ರಾತ್ರಿಗೊಮ್ಮೆ, ಫ್ಲ್ಯಾಶ್‌ನಲ್ಲಿ ಬರೆದಿಟ್ಟ ದಿನದ ಲೆಕ್ಕವನ್ನೆಲ್ಲ ಸರ್ವರಿಗೆ ಏರಿಸುವುದು ಇನ್ನೊಂದು. ಇದು ಸುಮಾರು 40 ಕಿಲೋಬೈಟ್.

ಮೊದಲು ಪೆಟ್ಟಿಗೆಗಳೆಲ್ಲ ಗುಡ್ಡೆಯ ಮೇಲಿನ ವೈರ್‌ಲೆಸ್ ಡಿಶ್ ಮೂಲಕ ಸಮಿತಿಯ ಕಚೇರಿಗೆ ನೇರ ಸೇರುತ್ತಿದ್ದವು. ತುಲಾ ತಿಂಗಳ ಸಿಡಿಲಿಗೆ ಆ ಕಂಬದ ಸಾಮಾನುಗಳೆಲ್ಲ ಸುಟ್ಟವು. ಈ ಕಡೆ ಎತ್ತರದಲ್ಲಿ ಕಂಬ ನಿಲ್ಲಿಸಿದವರಿಗೆ ಇದು ಹೊಸತಲ್ಲ. ಪುನಃ ಕಂಬ ಬೇಡವೆಂದು ಸಮಿತಿ ನಿರ್ಧರಿಸಿತು: ಪ್ರತಿ ಮನೆಯ ಫೈಬರ್ ಸಂಪರ್ಕಕ್ಕೆ ಒಂದು ಸಣ್ಣ ರೌಟರ್, ಅಲ್ಲಿಂದ ವೈರ್‌ಗಾರ್ಡ್ ಟನೆಲ್ (ಇಂಟರ್ನೆಟ್ಟಿನೊಳಗೆ ಗೂಢಲಿಪಿಯ ಖಾಸಗಿ ದಾರಿ), ಆ ತುದಿಯಲ್ಲಿ ಬಾಡಿಗೆಯ ಗೇಟ್‌ವೇ ಯಂತ್ರ, ಅದರ ಹಿಂದೆ ಸರ್ವರ್.

ತೊಂದರೆ

ಬದಲಾಯಿಸಿದ ಮರುದಿನವೇ ಸಮಿತಿಯ ಕಾರ್ಯದರ್ಶಿಯವರ ಫೋನು: “ಟ್ಯಾಂಕಿನ ಮಟ್ಟ ಬರ್ತಾ ಉಂಟು ಮಾರಾಯ್ರೇ, ಲೆಕ್ಕ ಮಾತ್ರ ಬರುವುದೇ ಇಲ್ಲ.”

ತೊಂದರೆಯ ಪೂರ್ತಿ ಚಿತ್ರ ಆ ಒಂದು ಮಾತಿನಲ್ಲಿ ಇತ್ತು. ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಆದರೆ ಅದನ್ನು ಹಾಗೆ ಕೇಳಿಸಿಕೊಳ್ಳಲು ತಂಡಕ್ಕೆ ಎರಡು ವಾರ ಬೇಕಾಯಿತು. ಕಾರಣ, ದಾರಿ ತಪ್ಪಿಸುವ ಸುಳಿವುಗಳು ಮೂರಿದ್ದವು.

ಹೆಚ್ಚಿನ ಮನೆಗಳಲ್ಲಿ ಪಿಂಗ್, ಅಂದರೆ ಇದ್ದೀರಾ ಎಂದು ಕೇಳಿ ಉತ್ತರ ಪಡೆಯುವ ಪರೀಕ್ಷೆ, ಸರಿಯಾಗಿತ್ತು. ಸಾಮಾನ್ಯ ಪಿಂಗ್‌ನ ಡೇಟಾ 56 ಬೈಟ್, ಹೆಡರುಗಳು ಸೇರಿ 84. ಇಷ್ಟು ಸಣ್ಣದು ಯಾವ ಕಿಂಡಿಯಲ್ಲೂ ನುಸುಳುತ್ತದೆ. ಅದರಿಂದ ದಾರಿಯ ಅಗಲ ತಿಳಿಯುವುದಿಲ್ಲ. ಎರಡನೆಯದು, ಸರ್ವರಿನಿಂದ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ ಇಳಿಸಿದರೆ ನೂರಾರು ಕಿಲೋಬೈಟ್ ಯಾವ ತಡೆಯೂ ಇಲ್ಲದೆ ಇಳಿಯುತ್ತಿತ್ತು. ದೊಡ್ಡ ಪ್ಯಾಕೆಟ್ ಬರುತ್ತಿದೆ ಎಂದ ಮೇಲೆ ಗಾತ್ರದ ಪ್ರಶ್ನೆಯೇ ಅಲ್ಲ ಎಂದು ಎಲ್ಲರೂ ಅಂದುಕೊಂಡರು. ಮೂರನೆಯದು ಸರ್ವರಿನ ದಾಖಲೆ: ಸಂಪರ್ಕ ತೆರೆಯಿತು, ವಿನಂತಿಯ ತಲೆಬರಹದ ಇನ್ನೂರು ಚಿಲ್ಲರೆ ಬೈಟ್ ಬಂತು, ಆಮೇಲೆ ಸಮಯ ಮೀರಿ ಮುಚ್ಚಿತು. ನೋಡಿದವರಿಗೆ ಇದು ಪೆಟ್ಟಿಗೆಯ ಪ್ರೋಗ್ರಾಮ್ ನಡುವೆ ನಿಂತುಹೋದ ಹಾಗೆ ಕಾಣುತ್ತಿತ್ತು.

ಹೀಗಾಗಿ ಮೊದಲ ವಾರ ಹೋದದ್ದು ಕೇಬಲ್, ಎಸ್‌ಎಂಪಿಎಸ್ ಬದಲಿಸುವುದರಲ್ಲಿ, ಫ್ಲ್ಯಾಶ್ ಓದುವ ಕೋಡನ್ನು ಸಂಶಯಿಸುವುದರಲ್ಲಿ. ರೌಟರ್ ಜೋಡಿಸಿದವರು ಕೆಲವು ಮನೆಗಳಲ್ಲಿ ಭದ್ರತೆಗೆಂದು ಐಸಿಎಂಪಿಯನ್ನೇ (ದಾರಿಯ ತೊಂದರೆಯನ್ನು ಕಳಿಸಿದವರಿಗೆ ತಿಳಿಸುವ ಸಂದೇಶಗಳು, ಪಿಂಗ್ ಕೂಡ ಇದರದ್ದೇ) ಪೂರ್ತಿ ತಡೆದಿದ್ದರು. ಅಂಥ ಮನೆಯಲ್ಲಿ ಎಷ್ಟು ಹೊತ್ತು ಪ್ಯಾಕೆಟ್ ಹಿಡಿದು ನೋಡಿದರೂ ಪೆಟ್ಟಿಗೆ ಕೂಗುತ್ತದೆ, ಯಾರೂ ಓಗೊಡುವುದಿಲ್ಲ, ಅಷ್ಟೇ. ರೋಗದ ಜತೆಗೆ ರೋಗದ ಲಕ್ಷಣವನ್ನೂ ಮುಚ್ಚಿಟ್ಟ ಹಾಗೆ. ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವ ಈ ಅಭ್ಯಾಸವನ್ನು ಬಿಡಬೇಕು ಎಂದು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ. ಪ್ರತಿಧ್ವನಿಯ, ಅಂದರೆ ಪಿಂಗ್‌ನ, ವೇಗಕ್ಕೆ ಮಿತಿ ಹಾಕಿ, ಬೇಡದ ಬಗೆಗಳನ್ನು ತಡೆಯಿರಿ. ಬಗೆ 3ನ್ನು, ಅಂದರೆ ತಲುಪಿಸಲಾಗಲಿಲ್ಲ ಎಂಬ ಸಂದೇಶವನ್ನು, ಮುಟ್ಟಬೇಡಿ.

ತಂತಿಯ ಮೇಲೆ ಕಂಡದ್ದು

ಐಸಿಎಂಪಿ ತಡೆಯದ ಒಂದು ಮನೆಯ ಪಂಪ್ ಶೆಡ್ಡಿನಲ್ಲಿ, ಪೆಟ್ಟಿಗೆಗೂ ರೌಟರಿಗೂ ನಡುವೆ ಪೋರ್ಟ್ ಮಿರರ್ ಮಾಡಬಲ್ಲ (ಹಾಯುವ ಪ್ಯಾಕೆಟುಗಳ ನಕಲು ಕೊಡುವ) ಸ್ವಿಚ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ಹಿಡಿದಾಗ ವಿಷಯ ಬಿಚ್ಚಿಕೊಂಡಿತು. ಪೆಟ್ಟಿಗೆ 1500 ಬೈಟಿನ ಪ್ಯಾಕೆಟ್ ಬಿಡುತ್ತದೆ. ಕೂಡಲೇ ರೌಟರಿನಿಂದ ಒಂದು ಉತ್ತರ. ಪೆಟ್ಟಿಗೆ 3 ಸೆಕೆಂಡು ಬಿಟ್ಟು ಅದೇ 1500ನ್ನು ಮತ್ತೆ ಕಳಿಸುತ್ತದೆ. ರೌಟರಿನಿಂದ ಅದೇ ಉತ್ತರ. ಮತ್ತೆ 6 ಸೆಕೆಂಡಿಗೆ, ಮತ್ತೆ 12ಕ್ಕೆ. ಸಂಪರ್ಕ ಸಾಯುವವರೆಗೆ ಇದೇ.

ಆ ಉತ್ತರವನ್ನು ಬೈಟ್ ಬೈಟಾಗಿ ನೋಡೋಣ. ಹೊರಗಿನ 20 ಬೈಟಿನ ಐಪಿ ಹೆಡರ್ ದಾಟಿದರೆ ಐಸಿಎಂಪಿಯ 8 ಬೈಟ್: 3, 4, ಚೆಕ್‌ಸಮ್‌ನ ಎರಡು, ಮತ್ತೆ 0, 0, 5, 140. ಬಗೆ 3 ಎಂದರೆ ತಲುಪಿಸಲಾಗಲಿಲ್ಲ. ಕೋಡ್ 4 ಎಂದರೆ ತುಂಡು ಮಾಡಬೇಕಿತ್ತು, ಆದರೆ ತುಂಡು ಮಾಡಬೇಡ ಎಂಬ ಡಿಎಫ್ ಬಿಟ್ ಹಚ್ಚಿತ್ತು. ಕೊನೆಯ ಎರಡು ಬೈಟ್ ಮುಂದಿನ ದಾರಿಯ ಎಂಟಿಯು, ಅಂದರೆ ಒಮ್ಮೆಗೆ ಹಾಯಬಲ್ಲ ಅತಿ ದೊಡ್ಡ ಪ್ಯಾಕೆಟಿನ ಗಾತ್ರ: 5 ಗುಣಿಸು 256, ಕೂಡಿಸು 140, ಒಟ್ಟು 1420. ವೈರ್‌ಗಾರ್ಡ್ ಟನೆಲಿನ ವಾಡಿಕೆಯ ಎಂಟಿಯು ಅದೇ. 1981ರ ಆರ್‌ಎಫ್‌ಸಿ 792ರಲ್ಲಿ (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ಕ್ರಮಗಳನ್ನು ಬರೆದಿಟ್ಟ ದಾಖಲೆ) ಈ ಜಾಗ ಖಾಲಿ ಇತ್ತು; 1990ರ ಆರ್‌ಎಫ್‌ಸಿ 1191 ಅದರಲ್ಲಿ ಎಂಟಿಯು ಬರೆಯುವ ಕ್ರಮ ತಂದಿತು.

ಅದರ ಹಿಂದೆ ಪೆಟ್ಟಿಗೆಯೇ ಕಳಿಸಿದ್ದ ಪ್ಯಾಕೆಟಿನ ತಲೆಭಾಗ: ಒಳಗಿನ ಐಪಿ ಹೆಡರ್, ನಂತರ ಕನಿಷ್ಠ 8 ಬೈಟ್. ಟಿಸಿಪಿಯಾದರೆ ಆ 8 ಬೈಟಿನಲ್ಲಿ ಕಳಿಸಿದವನ ಪೋರ್ಟ್, ಪಡೆಯುವವನ ಪೋರ್ಟ್, ಸೀಕ್ವೆನ್ಸ್ ಸಂಖ್ಯೆ (ಡೇಟಾದ ಬೈಟುಗಳ ಕ್ರಮಾಂಕ) ಇರುತ್ತವೆ. ಅಂಚೆಯವನು ಕಾಗದ ವಾಪಸ್ ತಂದಾಗ ವಿಳಾಸ ಬರೆದ ಮೇಲ್ಭಾಗವನ್ನು ನಮಗೇ ತೋರಿಸಿದ ಹಾಗೆ. ಈ ಕಾಗದ ನಾವು ಬರೆದದ್ದು ಹೌದೇ ಎಂದು ನೋಡಲು ಅಷ್ಟು ಸಾಕು. ಈ ಪ್ರಕರಣದ ಮುಂದಿನ ಎಲ್ಲ ತಪ್ಪುಗಳೂ ಎಲ್ಲ ಪರಿಹಾರಗಳೂ ಈ 28 ಬೈಟಿನ ಸುತ್ತ ನಡೆದವು.

ಪೆಟ್ಟಿಗೆಯ ಸ್ಟ್ಯಾಕ್ ಮಾಡುತ್ತಿದ್ದುದು ಇಷ್ಟು: ಬಗೆ 8 ಬಂದರೆ ಪ್ರತಿಧ್ವನಿ ಕೊಡು, ಉಳಿದದ್ದು ಏನೇ ಬಂದರೂ ಎಣಿಸಿ ಎಸೆ. ಹಗುರ ಸ್ಟ್ಯಾಕ್‌ಗಳಲ್ಲಿ ಇದು ಅಪರೂಪವಲ್ಲ. ಬಹಳ ಬಳಕೆಯ ಎಲ್‌ಡಬ್ಲ್ಯುಐಪಿಯ ಐಪಿವಿ4 ಭಾಗವೂ ಬಗೆ 3ನ್ನು ಓದಿ ಎಂಟಿಯು ತಗ್ಗಿಸುವ ಕೆಲಸ ಮಾಡುವುದಿಲ್ಲ. ಆದರೆ ಅದು ಡಿಎಫ್ ಹಚ್ಚುವುದೂ ಇಲ್ಲ, ಆದ್ದರಿಂದ ದಾರಿಯ ರೌಟರ್ ತುಂಡು ಮಾಡಿಕೊಂಡು ಸಾಗಿಸುತ್ತದೆ. ಇಲ್ಲಿ ಹಿಂದೆ ಯಾರೋ ತುಂಡುಗಳ ಉಪದ್ರ ಬೇಡವೆಂದು ಹೊರಡುವ ಪ್ರತಿ ಪ್ಯಾಕೆಟಿಗೂ ಡಿಎಫ್ ಹಚ್ಚಿದ್ದರು. ಡಿಎಫ್ ಹಚ್ಚುವವನು ಬಗೆ 3 ಕೋಡ್ 4ನ್ನು ಓದಲೇಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟದ್ದೇ ಮೂಲ ದೋಷ.

ಫರ್ಮ್‌ವೇರ್ ಇಳಿಯುತ್ತಿದ್ದುದಕ್ಕೂ ಈಗ ಉತ್ತರ ಸಿಕ್ಕಿತು. ಸರ್ವರ್ ಲಿನಕ್ಸ್, ಅದು ಗೇಟ್‌ವೇ ಹೇಳಿದ 1420ನ್ನು ಕೇಳಿಸಿಕೊಂಡು ತನ್ನ ಪ್ಯಾಕೆಟ್ ಸಣ್ಣ ಮಾಡುತ್ತಿತ್ತು. ಹಾಗಾದರೆ ಸಂಪರ್ಕ ತೆರೆಯುವಾಗಲೇ ಸರ್ವರ್ ಕಡಿಮೆ ಎಂಎಸ್‌ಎಸ್ (ಒಂದು ಪ್ಯಾಕೆಟಿನಲ್ಲಿ ಪಡೆಯಬಲ್ಲ ಅತಿ ಹೆಚ್ಚು ಡೇಟಾ) ಹೇಳಬಾರದಿತ್ತೇ? ಟನೆಲಿನ ತುದಿ ಸರ್ವರಿನಲ್ಲೇ ಇದ್ದಿದ್ದರೆ 1380 ಎನ್ನುತ್ತಿತ್ತು, ತೊಂದರೆಯೇ ಏಳುತ್ತಿರಲಿಲ್ಲ. ಅದು ಗೇಟ್‌ವೇ ಯಂತ್ರದಲ್ಲಿದ್ದುದರಿಂದ, 1500ರ ಈಥರ್ನೆಟ್ ಮಾತ್ರ ಕಾಣುತ್ತಿದ್ದ ಸರ್ವರ್ 1460 ಎಂದಿತು. ಪೆಟ್ಟಿಗೆ ಅದನ್ನು ನಂಬಿ 1460 ಡೇಟಾ, 40 ಹೆಡರ್, ಒಟ್ಟು 1500 ಕಳಿಸಿತು.

ಇದನ್ನು ಪ್ಯಾಕೆಟ್ ಹಿಡಿಯದೆಯೂ ಐದು ನಿಮಿಷದಲ್ಲಿ ಪತ್ತೆ ಮಾಡಬಹುದು. ಪೆಟ್ಟಿಗೆಯ ಕೇಬಲ್ ಬಿಚ್ಚಿ ಲ್ಯಾಪ್‌ಟಾಪಿಗೆ ಚುಚ್ಚಿ, ಡಿಎಫ್ ಹಚ್ಚಿದ ಪಿಂಗ್ ಅನ್ನು 1392 ಬೈಟ್ ಡೇಟಾದೊಂದಿಗೆ ಕಳಿಸಿ. ಅದಕ್ಕೆ 28 ಸೇರಿದರೆ 1420, ಉತ್ತರ ಬರುತ್ತದೆ. 1393 ಕಳಿಸಿ, ಪಿಂಗ್‌ನ ಉತ್ತರ ಬರುವುದಿಲ್ಲ. ಒಂದೇ ಬೈಟಿನ ವ್ಯತ್ಯಾಸಕ್ಕೆ ಹೀಗಾದರೆ ಕೇಬಲನ್ನೂ ಫ್ಲ್ಯಾಶನ್ನೂ ಮತ್ತೆ ಸಂಶಯಿಸಬೇಕಾಗಿಲ್ಲ.

ಮೊದಲ ಮದ್ದು

ಪೆಟ್ಟಿಗೆಯ ಎಂಎಸ್‌ಎಸ್ ಅನ್ನು 536ಕ್ಕೆ ಇಳಿಸಿದರು. ಅಂದು ರಾತ್ರಿಯೇ ಎಲ್ಲ ಮನೆಗಳ ಲೆಕ್ಕ ಬಂತು. ಮದ್ದು ಹಿಡಿಯಿತು, ಆದರೆ ಒಮ್ಮೆಗೆ ನಾಲ್ಕೇ ಸೆಗ್ಮೆಂಟ್ (ಟಿಸಿಪಿಯ ಡೇಟಾ ಕಂತು) ದಾರಿಯಲ್ಲಿಡಬಲ್ಲ ಪೆಟ್ಟಿಗೆಗೆ ಪ್ರತಿ ಸುತ್ತಿಗೆ ಹೋಗುವ ಡೇಟಾ ಮೂರನೇ ಒಂದಕ್ಕಿಂತ ಸ್ವಲ್ಪ ಮೇಲಷ್ಟೇ ಉಳಿಯಿತು. ತಂಡದಲ್ಲಿ ಇಲ್ಲೇ ನಿಲ್ಲೋಣ ಎಂದವರೂ ಇದ್ದರು. ಅವರ ಮಾತಿನಲ್ಲಿ ಹುರುಳಿತ್ತು: ಪೆಟ್ಟಿಗೆ ಒಂದೇ ಸರ್ವರಿನ ಜತೆ, ಒಂದೇ ಗೊತ್ತಿರುವ ದಾರಿಯಲ್ಲಿ ಮಾತಾಡುವುದಾದರೆ ಎಂಎಸ್‌ಎಸ್ 1380ಕ್ಕೆ ಕಟ್ಟಿಬಿಡುವುದು ಸಾಕು, ಹೊಸ ಕೋಡು ಬೇಡ. ರೌಟರಿನಲ್ಲಿ ಎಂಎಸ್‌ಎಸ್ ಮೊಟಕು ಮಾಡುವ ನಿಯಮ ಹಾಕಿದರೂ ಅದೇ ಫಲ.

ಆದರೆ ಇಲ್ಲಿ ದಾರಿ ಒಂದಾಗಿರಲಿಲ್ಲ. ಕೆಲವು ತೋಟಗಳಿಗೆ ಫೈಬರ್ ಇಲ್ಲ, 4ಜಿ. ಕೆಲವು ಶೆಡ್ಡುಗಳು ಮನೆಯಿಂದ ಕೆಳಗೆ, ತೋಡಿನ ಬದಿಯಲ್ಲಿ. ನಡುವೆ ಯಾವುದೋ ಹಳೆಯ ವೈಫೈ ಪೆಟ್ಟಿಗೆ. ರೌಟರ್ ಸುಟ್ಟರೆ ಮನೆಯವರು ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಹಾಕುತ್ತಾರೆ. ಈ ಮಳೆಗಾಲದಲ್ಲಿ ಸರಿಯಿದ್ದ ಸಂಖ್ಯೆ ಮುಂದಿನ ಮಳೆಗಾಲಕ್ಕೆ ಸರಿಯಿರುತ್ತದೆ ಎಂಬ ಭರವಸೆ ಇರಲಿಲ್ಲ. ಹಾಗಾಗಿ ಐಸಿಎಂಪಿಯನ್ನೇ ಓದಲು ಕಲಿಸುವುದೆಂದು ನಿರ್ಧಾರವಾಯಿತು. ನಿರ್ಧಾರ ಸರಿ. ಮಾಡಿದ ಮೊದಲ ಬಗೆ ಸರಿಯಿರಲಿಲ್ಲ.

ಕಾಂಟ್ಯಾಕ್ಟರ್ ಬಡಿದುಕೊಂಡ ರಾತ್ರಿ

ಮೊದಲ ಕೋಡು ಹತ್ತಿಪ್ಪತ್ತು ಸಾಲು. ಬಗೆ 3 ಕೋಡ್ 4 ಬಂತೇ? 7ನೇ, 8ನೇ ಬೈಟ್ ಓದು, ಅದನ್ನು ಇಂಟರ್‌ಫೇಸಿನ ಎಂಟಿಯು ಮಾಡು, 40 ಕಳೆದು ಎಂಎಸ್‌ಎಸ್ ಮಾಡು. ಮೇಜಿನ ಮೇಲೆ ಚೆನ್ನಾಗಿ ಓಡಿತು. ಊರಿಗೆ ಹೋಯಿತು.

ಒಂದು ಶೆಡ್ಡಿನ ನಡುವಿನ ವೈಫೈ ಪೆಟ್ಟಿಗೆ, ಐಸಿಎಂಪಿ ಸಂದೇಶವನ್ನು ತಿದ್ದಿ ಮುಂದೆ ಕಳಿಸುವಾಗ ಆ ಎರಡು ಬೈಟುಗಳನ್ನು ಸೊನ್ನೆ ಮಾಡುತ್ತಿತ್ತು. ಆರ್‌ಎಫ್‌ಸಿ 792ರ ಹಳೆಯ ಕ್ರಮದಲ್ಲಿ ಅಲ್ಲಿ ಸೊನ್ನೆಯೇ ಇರಬೇಕಾದ್ದು, ಆದ್ದರಿಂದ ಸೊನ್ನೆ ಬರುವುದು ಅಸಂಭವವೇನಲ್ಲ. 0ಯಿಂದ 40 ಕಳೆದರೆ, ಚಿಹ್ನೆಯಿಲ್ಲದ 16 ಬಿಟ್ಟಿನಲ್ಲಿ 65496. ಪೆಟ್ಟಿಗೆಗೆ ತನ್ನ ಎಂಎಸ್‌ಎಸ್ 65496 ಎಂದು ಗೊತ್ತಾಯಿತು. ಕಳಿಸುವ ಸಾಲಿನಲ್ಲಿದ್ದುದನ್ನೆಲ್ಲ ಒಂದೇ ಸೆಗ್ಮೆಂಟಾಗಿ ಕಟ್ಟಿ, 1524 ಬೈಟಿನ ಡಿಎಂಎ ಬಫರಿಗೆ (ಈಥರ್ನೆಟ್ ಹಾರ್ಡ್‌ವೇರ್ ನೇರ ಓದುವ ನೆನಪಿನ ಜಾಗ) ಸುರಿಯಿತು. ಪಕ್ಕದ ನೆನಪು ಅಳಿಸಿತು, ಪ್ರೊಸೆಸರ್ ದೋಷಕ್ಕೆ ಬಿತ್ತು, ನಿಂತುಹೋದ ಪೆಟ್ಟಿಗೆಯನ್ನು ಎಬ್ಬಿಸುವ ವಾಚ್‌ಡಾಗ್ ಮರುಚಾಲನೆ ಮಾಡಿತು.

ಮರುಚಾಲನೆಯಾದಾಗ ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಎರಡು ಸೆಕೆಂಡಿನಲ್ಲಿ ಪೆಟ್ಟಿಗೆ ಎದ್ದು, ಟ್ಯಾಂಕ್ ತುಂಬಿಲ್ಲವೆಂದು ನೋಡಿ, ಮತ್ತೆ ಮೋಟರ್ ಹಾಕುತ್ತದೆ. ಲೆಕ್ಕ ಏರಿಸಲು ಹೋಗಿ ಮತ್ತೆ ಬೀಳುತ್ತದೆ. ವೋಲ್ಟೇಜ್ ಚೆನ್ನಾಗಿರುವುದೆಂದು ರಾತ್ರಿ ಮೋಟರ್ ಓಡಿಸುವ ಊರು. ಲೆಕ್ಕ ಏರಿಸುವ ಹೊತ್ತೂ ರಾತ್ರಿಯೇ. ಬೆಳಗಿನ ತನಕ ಕಾಂಟ್ಯಾಕ್ಟರ್ ಟಕ್ಕೆಂದು ಹಿಡಿಯುವುದು, ಟಕ್ಕೆಂದು ಬಿಡುವುದು. ಕೊಳವೆಬಾವಿಯ ಮೋಟರ್ ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಬೆಳಿಗ್ಗೆ ನೋಡಿದರೆ ಸ್ಟಾರ್ಟರಿನ ಕೆಪ್ಯಾಸಿಟರ್ ಉಬ್ಬಿ ಒಡೆದಿತ್ತು. ಮೋಟರ್ ಉಳಿಯಿತು. ನೆಟ್‌ವರ್ಕಿನ ಎರಡು ಬೈಟು ತೋಟದ ನೀರನ್ನು ನಿಲ್ಲಿಸಿತು.

ಆ ದಿನವೇ ಎಲ್ಲ ಪೆಟ್ಟಿಗೆಗಳನ್ನು 536ರ ಹಳೆಯ ಫರ್ಮ್‌ವೇರಿಗೆ ಹಿಂತಿರುಗಿಸಿದರು. ಮೊದಲು ಸರಿಪಡಿಸಿದ್ದು ಐಸಿಎಂಪಿಯನ್ನಲ್ಲ: ಯಾವ ಕಾರಣಕ್ಕೆ ಮರುಚಾಲನೆಯಾದರೂ 3 ನಿಮಿಷ ಕಳೆಯದೆ ಮೋಟರ್ ಹಾಕಬಾರದು ಎಂಬ ನಿಯಮ ಬಂತು. ಇದು ಮೊದಲ ದಿನದಿಂದಲೇ ಇರಬೇಕಾಗಿದ್ದ ಸಂಗತಿ.

ಮತ್ತೆ ಬರೆದದ್ದು

ಎರಡನೇ ಸಲ ಬರೆಯುವಾಗ ಮೊದಲು ತೀರ್ಮಾನಿಸಿದ್ದು, ಯಾವ ಸಂದೇಶಕ್ಕೆ ಏನು ಮಾಡುವುದು ಎಂಬುದನ್ನು. ಪ್ರತಿಧ್ವನಿ ಕೋರಿಕೆಗೆ ಉತ್ತರ ಕೊಡಬೇಕು. 1989ರ ಆರ್‌ಎಫ್‌ಸಿ 1122ರಲ್ಲಿ ಅದು ಕಡ್ಡಾಯ. ಪ್ರಸಾರ ವಿಳಾಸಕ್ಕೆ ಬಂದರೆ ಸುಮ್ಮನಿರಬಹುದು. ಸೆಕೆಂಡಿಗೆ 10ಕ್ಕಿಂತ ಹೆಚ್ಚು ಉತ್ತರವಿಲ್ಲ ಎಂದು ಮಿತಿ ಹಾಕಿದರು. ಸೋರ್ಸ್ ಕ್ವೆಂಚ್ (ನಿಧಾನ ಕಳಿಸು ಎನ್ನುವ ಸಂದೇಶ), ಅಂದರೆ ಬಗೆ 4, ಸದ್ದಿಲ್ಲದೆ ಎಸೆಯುವುದು. 2012ರ ಆರ್‌ಎಫ್‌ಸಿ 6633 ಹಾಗೆಯೇ ಹೇಳುತ್ತದೆ. ಗೊತ್ತಿಲ್ಲದ ಬಗೆಗೂ ಹಾಗೆಯೇ. ರಿಡೈರೆಕ್ಟ್ (ಬೇರೆ ರೌಟರಿನ ಮೂಲಕ ಕಳಿಸು ಎನ್ನುವ ಸಂದೇಶ), ಅಂದರೆ ಬಗೆ 5ರ ವಿಷಯದಲ್ಲಿ ಚರ್ಚೆ ನಡೆಯಿತು. 1122 ಅದನ್ನು ಒಪ್ಪಿಕೊಳ್ಳಬೇಕು ಎನ್ನುತ್ತದೆ, ಆದರೆ ಒಂದೇ ಗೇಟ್‌ವೇ ಇರುವ ಪೆಟ್ಟಿಗೆಗೆ ಅದರಿಂದ ಲಾಭವಿಲ್ಲ, ಮೋಸದ ರಿಡೈರೆಕ್ಟ್ ಬಂದರೆ ಪೂರ್ತಿ ಸಂಚಾರವೇ ಬೇರೆಯವರ ಕೈಗೆ ಹೋಗುತ್ತದೆ. ಬಿಟ್ಟರು. ನಮ್ಮ ಅಭಿಪ್ರಾಯದಲ್ಲೂ ಅದೇ ಸರಿ.

ಬಗೆ 3ರ ಉಳಿದ ಕೋಡುಗಳು, ಬಗೆ 11 (ಸಮಯ ಮೀರಿತು), 12 (ಹೆಡರಿನಲ್ಲಿ ದೋಷ): ತೆರೆದಿರುವ ಟಿಸಿಪಿ ಸಂಪರ್ಕವನ್ನು ಇವು ಮುರಿಯಕೂಡದು. ಎಣಿಸಿಟ್ಟು, ಟಿಸಿಪಿಯೇ ತನ್ನ ಮರುಪ್ರಯತ್ನದಲ್ಲಿ ಸೋಲಲಿ. ಸಂಪರ್ಕ ತೆರೆಯುತ್ತಿರುವ ಹಂತದಲ್ಲಿ ಪೋರ್ಟ್ ಇಲ್ಲ ಎಂದು ಬಂದರೆ ಮಾತ್ರ ಬೇಗ ಬಿಟ್ಟುಬಿಡುವುದು. ಯುಡಿಪಿಯಲ್ಲಿ (ಸಂಪರ್ಕ ತೆರೆಯದೆಯೇ ಕಳಿಸುವ ಕ್ರಮ) ಇದರಿಂದ ನೇರ ಪ್ರಯೋಜನವಾಯಿತು: ಸಮಯ ಕೇಳುವ ಸರ್ವರಿನಿಂದ ಪೋರ್ಟ್ ಇಲ್ಲ ಎಂಬ ಉತ್ತರ ಬಂದರೆ ಸುಮ್ಮನೆ ಕಾಯದೆ ಎರಡನೇ ಸರ್ವರಿಗೆ ಹೋಗಬಹುದು.

ಇನ್ನು ಸಂದೇಶ ಒಳಗೆ ಬರುವ ದಾರಿ. ಇಂಟರಪ್ಟಿನಲ್ಲಿ (ಪ್ಯಾಕೆಟ್ ಬಂದ ಕ್ಷಣವೇ ಓಡುವ ಕೋಡಿನಲ್ಲಿ) ಏನನ್ನೂ ಓದುವುದಿಲ್ಲ. ಬಫರನ್ನು ನೆಟ್‌ವರ್ಕ್ ಟಾಸ್ಕಿನ ಸರದಿಗೆ ಹಾಕುವುದಷ್ಟೇ. ಟಿಸಿಪಿಯನ್ನು ನಡೆಸುವ ಟಾಸ್ಕೇ ಐಸಿಎಂಪಿಯನ್ನೂ ಓದುವುದರಿಂದ, ಸೆಗ್ಮೆಂಟುಗಳ ಪಟ್ಟಿಯನ್ನು ಒಬ್ಬ ಓದುತ್ತಿರುವಾಗ ಇನ್ನೊಬ್ಬ ತಿದ್ದುವ ಪ್ರಸಂಗವೇ ಇಲ್ಲ, ಬೀಗವೂ ಬೇಡ.

ಆಮೇಲೆ ಉದ್ದ. ಈಥರ್ನೆಟ್ ಸಣ್ಣ ಫ್ರೇಮಿಗೆ ಪ್ಯಾಡಿಂಗ್ ತುಂಬುತ್ತದೆ, ಆದ್ದರಿಂದ ಫ್ರೇಮಿನ ಉದ್ದವನ್ನು ನಂಬದೆ ಐಪಿ ಹೆಡರ್ ಹೇಳುವ ಒಟ್ಟು ಉದ್ದದಿಂದ ಲೆಕ್ಕ ಹಾಕಬೇಕು. ಪ್ಯಾಡಿಂಗ್ ಸೊನ್ನೆಯಾಗಿದ್ದರೆ ಚೆಕ್‌ಸಮ್ ಹೇಗೂ ಸರಿ ಬಂದು ತಪ್ಪು ಅಡಗಿರುತ್ತದೆ. ಯಾವುದೋ ಡ್ರೈವರ್ ಹಳೆಯ ಕಸ ತುಂಬಿದ ದಿನ ಹೊರಬೀಳುತ್ತದೆ. ಹಾಗೆಯೇ, ಐಪಿ ಹೇಳುವ ಉದ್ದ ನಿಜವಾಗಿ ಬಂದ ಫ್ರೇಮಿಗಿಂತ ದೊಡ್ಡದಾದರೆ ಅಲ್ಲೇ ಎಸೆಯಬೇಕು. 8 ಬೈಟಿಗಿಂತ ಕಡಿಮೆಯಾದರೂ, ಚೆಕ್‌ಸಮ್ ತಪ್ಪಿದರೂ ಎಸೆ.

ದೋಷ ಸಂದೇಶವಾದರೆ ಒಳಗಿನ ಹೆಡರಿನ ಪರೀಕ್ಷೆ. ಒಳಗಿನ ಐಪಿ ಹೆಡರ್ 20 ಬೈಟೇ ಎಂದು ಊಹಿಸಬಾರದು. ಆಯ್ಕೆಗಳಿದ್ದರೆ 60ರ ತನಕ ಇರಬಹುದು. ಅದರ ಉದ್ದದ ಅಂಕಿಯನ್ನು ಓದಿ, 20ಕ್ಕಿಂತ ಕಡಿಮೆಯಿಲ್ಲವೆಂದು ನೋಡಿ, ಅಷ್ಟು ಮತ್ತು ಇನ್ನೂ 8 ಬೈಟ್ ನಿಜವಾಗಿ ಬಂದಿದೆಯೇ ಎಂದು ಖಚಿತ ಮಾಡಿದ ಮೇಲೆಯೇ ಮುಂದೆ. ಬಫರ್ ಸರಪಣಿಯಲ್ಲಿ ಈ ಭಾಗ ಎರಡು ಕೊಂಡಿಗಳಲ್ಲಿ ಹರಿದು ಕೂತಿರಬಹುದಾದ್ದರಿಂದ 68 ಬೈಟಿನ ಸ್ಥಳೀಯ ಜಾಗಕ್ಕೆ ನಕಲು ಮಾಡಿ ಓದುವುದು. ಕೆಲವು ರೌಟರುಗಳು 576 ಬೈಟಿನ ತನಕ ಸಂದೇಶ ಕಳಿಸುತ್ತವೆ. ಅಷ್ಟನ್ನೂ ನಕಲು ಮಾಡಹೊರಟರೆ 1 ಕಿಲೋಬೈಟಿನ ಟಾಸ್ಕ್ ಸ್ಟ್ಯಾಕ್ ಒಡೆಯುತ್ತದೆ, ಹಾಗೆ ಮಾಡುವ ಅಗತ್ಯವೂ ಇಲ್ಲ. ಒಳಗಿನ ಚೆಕ್‌ಸಮ್‌ಗಳನ್ನು ಪರೀಕ್ಷಿಸಬಾರದು: ಟಿಸಿಪಿಯದ್ದಕ್ಕೆ ಪೂರ್ತಿ ಡೇಟಾ ಇಲ್ಲ, ಐಪಿಯದ್ದು ನ್ಯಾಟ್ (ದಾರಿಯಲ್ಲಿ ವಿಳಾಸ ಬದಲಿಸುವ ವ್ಯವಸ್ಥೆ) ದಾಟುವಾಗ ಹಾಳಾಗಿರಬಹುದು.

ಒಳಗಿನ ಹೆಡರಿನಲ್ಲಿ ಕಳಿಸಿದವನ ವಿಳಾಸ ನಮ್ಮದೇ ಇರಬೇಕು. ಹುಡುಕುವಾಗ ಪೋರ್ಟುಗಳು ಬರುವ ಪ್ಯಾಕೆಟಿಗೆ ವಿರುದ್ಧ ಕ್ರಮದಲ್ಲಿರುತ್ತವೆ ಎಂಬುದನ್ನು ಮರೆಯಬಾರದು. ಕಾಗದ ನಮ್ಮದು, ಹಾಗಾಗಿ ಮೊದಲ ಪೋರ್ಟ್ ನಮ್ಮದು. ಸಂಪರ್ಕ ಸಿಕ್ಕಿದ ಮೇಲೆ ಸೀಕ್ವೆನ್ಸ್ ಸಂಖ್ಯೆ: ಇನ್ನೂ ಸ್ವೀಕೃತಿ ಬಾರದ ಮೊದಲ ಬೈಟಿಗೆ ಸಮ ಅಥವಾ ಹೆಚ್ಚು, ಮುಂದೆ ಕಳಿಸಲಿರುವುದಕ್ಕಿಂತ ಕಡಿಮೆ. 32 ಬಿಟ್ ಸುತ್ತಿ ಬರುವುದರಿಂದ ನೇರ ಹೋಲಿಸದೆ, ಕಳೆದು ಚಿಹ್ನೆ ನೋಡಬೇಕು. 2010ರ ಆರ್‌ಎಫ್‌ಸಿ 5927 ವಿವರಿಸುವ ಈ ಒಂದು ಪರೀಕ್ಷೆಯಿಂದ ಕುರುಡು ಮೋಸದ ಸಂದೇಶಗಳು ಬಹುಪಾಲು ಸೋಲುತ್ತವೆ. ದಾರಿಯಲ್ಲಿ ಈಗ ಇರುವ ಕಾಗದದ ಬಗ್ಗೆ ಮಾತಾಡದ ಸಂದೇಶಕ್ಕೆ ಬೆಲೆಯಿಲ್ಲ.

ಎಂಟಿಯು ಸಂಖ್ಯೆ ಬಳಸುವುದು ಎಲ್ಲಕ್ಕಿಂತ ಕೊನೆಗೆ. ಈಗಿರುವುದಕ್ಕೆ ಸಮ ಅಥವಾ ಹೆಚ್ಚಾದರೆ ಎಸೆ. ಹೆಚ್ಚಿಸಲು ಯಾರ ಮಾತೂ ಕೇಳುವುದಿಲ್ಲ. ಸೊನ್ನೆಯಾದರೆ 1191 ಕೊಟ್ಟ ಮೆಟ್ಟಿಲುಗಳಲ್ಲಿ ಕೆಳಗಿನದು: 1492, 1006, 508. 576ಕ್ಕಿಂತ ಕೆಳಗೆ ಹೇಳಿದರೆ 576ಕ್ಕೆ ನಿಂತು, ಆ ವಿಳಾಸಕ್ಕೆ ಡಿಎಫ್ ತೆಗೆಯುವುದು. ಲಿನಕ್ಸ್ ಕೂಡ ಇದೇ ಬಗೆಯಲ್ಲಿ 552ರಲ್ಲಿ ನಿಲ್ಲುತ್ತದೆ. ಫಲವನ್ನು ಇಂಟರ್‌ಫೇಸಿಗೆ ಬರೆಯದೆ ಆ ವಿಳಾಸಕ್ಕೆ ಮಾತ್ರ, ನಾಲ್ಕು ಸಾಲಿನ ಪುಟ್ಟ ಕೋಷ್ಟಕದಲ್ಲಿ, 10 ನಿಮಿಷದ ಅವಧಿಗೆ.

ಅತಿ ಹೆಚ್ಚು ತಲೆ ತಿಂದದ್ದು ಇದಲ್ಲ. ಎಂಎಸ್‌ಎಸ್ ತಗ್ಗಿಸಿದರೆ ಹೊಸ ಸೆಗ್ಮೆಂಟುಗಳು ಸಣ್ಣದಾಗುತ್ತವೆ. ಆದರೆ ಈಗಾಗಲೇ 1460 ಬೈಟಿಗೆ ಕಟ್ಟಿ ಸಾಲಿನಲ್ಲಿಟ್ಟವು? ಮರುಕಳಿಸುವಾಗ ಅವೇ ಹೋಗಿ ಅಲ್ಲೇ ತಗಲುತ್ತವೆ. ಸಾಲಿನಲ್ಲೇ ಸೀಳಬಹುದು, ಟಿಸಿಪಿಗೆ ಅದರಿಂದ ಆಕ್ಷೇಪವಿಲ್ಲ, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ಆದರೆ ಈ ಸ್ಟ್ಯಾಕ್‌ನ ಬಫರ್ ರಚನೆಯಲ್ಲಿ ಸೀಳುವ ಕೋಡು ಉದ್ದವೂ ಅಪಾಯಕರವೂ ಆಗುತ್ತಿತ್ತು. ತಂಡ ಬೇರೆ ದಾರಿ ಹಿಡಿಯಿತು: ಹಳೆಯ ಗಾತ್ರದ ಸೆಗ್ಮೆಂಟನ್ನು ಮರುಕಳಿಸುವಾಗ ಡಿಎಫ್ ತೆಗೆದು ಕಳಿಸುವುದು, ರೌಟರ್ ತುಂಡು ಮಾಡಿಕೊಳ್ಳಲಿ. ಹೆಚ್ಚೆಂದರೆ ನಾಲ್ಕು ಸೆಗ್ಮೆಂಟಿನ ಮಾತು. ಒಳ್ಳೆಯ ನಿರ್ಧಾರ, ಆದರೆ ಒಂದು ಕೊಕ್ಕೆ ಇತ್ತು. ಡಿಎಫ್ ಇರುವಾಗ ಐಪಿ ಗುರುತು ಸಂಖ್ಯೆ ಏನಿದ್ದರೂ ನಡೆಯುತ್ತದೆಂದು ಪೆಟ್ಟಿಗೆ ಯಾವಾಗಲೂ 0 ಬರೆಯುತ್ತಿತ್ತು. ಡಿಎಫ್ ತೆಗೆದ ಮೇಲೆ, ಎರಡು ಪ್ಯಾಕೆಟಿನ ತುಂಡುಗಳು ಒಂದೇ ಗುರುತಿನಲ್ಲಿ ಹೋಗಿ ಸರ್ವರಿನಲ್ಲಿ ಒಂದಕ್ಕೊಂದು ಸೇರಿ ಕಲಸಿದವು. ಪ್ರತಿ ಪ್ಯಾಕೆಟಿಗೆ ಒಂದೊಂದು ಹೆಚ್ಚುವ ಎಣಿಕೆ ಹಾಕಿದ ಮೇಲೆ ಸರಿಹೋಯಿತು.

ಪ್ರತಿಧ್ವನಿಯ ಬಗ್ಗೆ ಎರಡು ಮಾತು. ಬಂದ ಬಫರಿನಲ್ಲೇ ವಿಳಾಸಗಳನ್ನು ಅದಲುಬದಲು ಮಾಡಿ, ಬಗೆ 8ನ್ನು 0 ಮಾಡಿ, ಚೆಕ್‌ಸಮ್‌ಗೆ 2048 ಕೂಡಿಸಿ, ಉಕ್ಕಿದರೆ 1 ಸೇರಿಸಿದರೆ ಸಾಕು, ಪೂರ್ತಿ ಲೆಕ್ಕ ಬೇಡ. ಆದರೆ ಈಥರ್ನೆಟ್ ಹಾರ್ಡ್‌ವೇರ್ ತಾನೇ ಚೆಕ್‌ಸಮ್ ತುಂಬುವಂತೆ ಇಟ್ಟಿದ್ದರೆ ಆ ಜಾಗವನ್ನು ಸೊನ್ನೆ ಮಾಡಿಯೇ ಕೊಡಬೇಕಾದ ಚಿಪ್‌ಗಳಿವೆ. ಎರಡೂ ಕಡೆ ಲೆಕ್ಕ ಮಾಡಿದರೆ ಉತ್ತರ ಹೊರಡುತ್ತದೆ, ಕೇಳಿದವನಿಗೆ ಮುಟ್ಟುವುದಿಲ್ಲ.

ಪರೀಕ್ಷೆ

ಈ ಸಲ ಊರಿಗೆ ಹೋಗುವ ಮೊದಲು ಮೇಜಿನ ಮೇಲೆ ಹೊಡೆದು ನೋಡಿದರು. ಮೋಟರಿನ ಜಾಗದಲ್ಲಿ 60 ವ್ಯಾಟಿನ ಬಲ್ಬು. ನಡುವೆ ಎರಡು ಪೋರ್ಟಿನ ಲಿನಕ್ಸ್ ಯಂತ್ರ, ಒಂದು ಬದಿಯ ಎಂಟಿಯು ತಗ್ಗಿಸಿ. ಬೇಕಾದ ಪ್ಯಾಕೆಟ್ ಕಟ್ಟಿಕೊಡುವ ಪೈಥಾನಿನ ಸ್ಕೇಪಿಯಿಂದ ಕೆಟ್ಟ ಸಂದೇಶಗಳು: ಒಳಭಾಗ 27 ಬೈಟಿಗೆ ಕತ್ತರಿಸಿದ್ದು, ಒಳ ಹೆಡರ್ 60 ಎಂದು ಹೇಳಿ 20 ಮಾತ್ರ ಇರುವುದು, ಎಂಟಿಯು 0, 68, 1500, 65535, ಸೀಕ್ವೆನ್ಸ್ ತಪ್ಪಿದ್ದು, ಐಸಿಎಂಪಿ ದೋಷದೊಳಗೆ ಐಸಿಎಂಪಿ ದೋಷ. ರಾತ್ರಿಯಿಡೀ ಇವನ್ನು ಸುರಿದರು. ಬಲ್ಬು ಒಮ್ಮೆಯೂ ಮಿಟುಕಬಾರದು. ಅದೇ ಒಪ್ಪಿಗೆಯ ಗುರುತು. ಎರಡನೇ ರಾತ್ರಿ ಮಿಟುಕಿತು. ಪಿಂಗ್‌ನ ತುಂಡುಗಳು ಬಂದು, ಕೊನೆಯ ತುಂಡು ಬಾರದೆ, ಜೋಡಣೆಗೆ ಕಾಯುತ್ತ ಎಂಟೂ ಸ್ವೀಕಾರ ಬಫರುಗಳನ್ನು ಹಿಡಿದಿಟ್ಟಿದ್ದವು, ನೆಟ್‌ವರ್ಕ್ ಟಾಸ್ಕ್ ಸ್ತಬ್ಧವಾಗಿ ವಾಚ್‌ಡಾಗ್ ಹೊಡೆದಿತ್ತು. ಪೆಟ್ಟಿಗೆಗೆ ತುಂಡುಗಳನ್ನು ಜೋಡಿಸುವ ಕೆಲಸವೇ ಬೇಕಿರಲಿಲ್ಲ, ಅದನ್ನು ತೆಗೆದುಹಾಕಿದರು.

ಊರಿನಲ್ಲಿ

ಪ್ರತಿ ಎಸೆತಕ್ಕೂ ಕಾರಣವಾರು ಎಣಿಕೆ ಇಟ್ಟು, 5 ನಿಮಿಷದ ಸಣ್ಣ ವರದಿಯಲ್ಲಿ ಅದನ್ನು ಸೇರಿಸಿದ್ದು ಬಹಳ ಉಪಕಾರಕ್ಕೆ ಬಂತು. ಲೆಕ್ಕ ಬಾರದಿದ್ದರೂ ವರದಿ ಬರುತ್ತದಲ್ಲ. ಹೆಚ್ಚಿನ ಮನೆಗಳಲ್ಲಿ ಮೊದಲ ರಾತ್ರಿಯೇ ‘ಎಂಟಿಯು ತಗ್ಗಿಸಿದ್ದು’ 1 ಎಂದು ಬಂತು, ಹಿಂದೆಯೇ ಲೆಕ್ಕವೂ ಬಂತು. ಒಂದು ಶೆಡ್ಡಿನಲ್ಲಿ ಮಾತ್ರ ‘ಸಂಪರ್ಕ ಸಿಗಲಿಲ್ಲ’ ಎಂಬ ಎಣಿಕೆ ಏರುತ್ತ ಹೋಯಿತು. ನಡುವಿನ ವೈಫೈ ಪೆಟ್ಟಿಗೆ ನ್ಯಾಟ್ ಮಾಡುವಾಗ ಹೊರಗಿನ ವಿಳಾಸ ತಿದ್ದಿ, ಒಳಗಿನ ಹೆಡರಿನ ವಿಳಾಸ, ಪೋರ್ಟುಗಳನ್ನು ಹಾಗೆಯೇ ಬಿಟ್ಟಿತ್ತು. ಕಾಗದ ನಮ್ಮದೇ, ಆದರೆ ಅದರ ಮೇಲೆ ನಮ್ಮ ಹೆಸರಿಲ್ಲ. ಪರೀಕ್ಷೆಯನ್ನು ಸಡಿಲಿಸುವ ಸಲಹೆ ಬಂತು, ತಂಡ ಒಪ್ಪಲಿಲ್ಲ.

ಅಂಥ ಕಡೆಗೆ, ಮತ್ತು ಐಸಿಎಂಪಿ ತಡೆದಿರುವ ರೌಟರುಗಳಿಗೆ, ಬೇರೆ ಉಪಾಯ ಇಟ್ಟಿದ್ದರು: ಪೂರ್ಣ ಗಾತ್ರದ ಸೆಗ್ಮೆಂಟ್ ಎರಡು ಸಲ ಮರುಕಳಿಸಿಯೂ ಸ್ವೀಕೃತಿ ಬಾರದಿದ್ದರೆ, ಯಾರೂ ಹೇಳದಿದ್ದರೂ ಆ ವಿಳಾಸಕ್ಕೆ 576ಕ್ಕೆ ಇಳಿದು ಡಿಎಫ್ ತೆಗೆಯುವುದು. ಆ ಶೆಡ್ಡಿನ ಲೆಕ್ಕ ಮೊದಲು ಸ್ವಲ್ಪ ಹೊತ್ತು ತಡೆದು, ಆಮೇಲೆ ನಿಧಾನವಾಗಿ, ಪ್ರತಿ ರಾತ್ರಿ ಬರುತ್ತಿದೆ.

ಕೊನೆಗೆ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ, ಫ್ಯೂಸಿನ ಅಳತೆ ಬರೆದ ಚೀಟಿಯ ಕೆಳಗೆ, ಇನ್ನೊಂದು ಚೀಟಿ ಅಂಟಿಸಿದರು. ರೌಟರ್ ಬದಲಿಸಿದಾಗ ಊರಿನ ಎಲೆಕ್ಟ್ರಿಶಿಯನ್ ನೋಡಬೇಕಾದ್ದು: ಡಿಎಫ್ ಹಚ್ಚಿದ ಪಿಂಗ್, 1392 ಹೋಗಬೇಕು, 1393ಕ್ಕೆ ‘ದೊಡ್ಡದಾಯಿತು, 1420’ ಎಂಬ ಉತ್ತರ ಬರಬೇಕು. ಉತ್ತರವೇ ಬಾರದಿದ್ದರೆ ರೌಟರಿನಲ್ಲಿ ಐಸಿಎಂಪಿ ತಡೆ ತೆಗೆಯಿರಿ.